ಯಾವ ದಡ?

ಮೂರನೆಯ ನೀರುದೋಸೆ ತಟ್ಟೆಗೆ ಬಿದ್ದಾಗ ನಿರ್ದೇಶಕರು ಸಮಾಜದ ಆತ್ಮಸಾಕ್ಷಿಯ ಬಗ್ಗೆ ಮಾತನಾಡುತ್ತಿದ್ದರು. ನಾಲ್ಕನೆಯದು ಬಿದ್ದಾಗಲೂ ಅದನ್ನೇ.

ಮಂಗಳೂರಿನ ಬಿಜೈಯ ಆ ಪುಟ್ಟ ಮನೆಯಲ್ಲಿ ಬಡಿಸುತ್ತಿದ್ದವರು ಕಿನ್ನಿ, ಹೊಳೆಯಲ್ಲಿ ಮುಳುಗಿ ತೀರಿಕೊಂಡ ಶೈಲೇಶನ ತಾಯಿ. ತುಳು ಬಿಟ್ಟರೆ ಅವರಿಗೆ ಬೇರೆ ಭಾಷೆ ಬಾರದು. ಬಂದವರು ಯಾರೆಂದು ಸೊಸೆ ಯಶ್ಮಿತಾ ಅವರಿಗೆ ಹೇಳಿರಲಿಲ್ಲ. ಬೆಂಗಳೂರಿನವರು, ಹಸಿದಿದ್ದಾರೆ ಎಂದಷ್ಟೇ ಹೇಳಿದ್ದಳು. ಕಿನ್ನಿಗೆ ಅದಕ್ಕಿಂತ ಹೆಚ್ಚಿನ ಪರಿಚಯ ಬೇಕಿರಲಿಲ್ಲ.

ಸಹಿ ಹಾಕಲು ಯಶ್ಮಿತಾ ಇಟ್ಟ ಶರತ್ತು ಒಂದೇ: ಮೊದಲು ಅತ್ತೆಯ ಕೈಯ ದೋಸೆ, ಆಮೇಲೆ ಮಾತು. ಗಂಡನ ಸಾವನ್ನು ತೆರೆಗೆ ತರಲು ಅವಳು ಕೊಡಬೇಕಾದ ಒಪ್ಪಿಗೆಪತ್ರ ಕೋಳಿಸಾರಿನ ಬಟ್ಟಲಿನಿಂದ ಸುರಕ್ಷಿತ ದೂರದಲ್ಲಿ ಕಾಯುತ್ತಿತ್ತು. ಪೆನ್ನು ಹಿತೇಶನ ಕೈಯಲ್ಲಿತ್ತು. ಅವನು ಇದೇ ಊರಿನ ಬಲ್ಮಠದವನು, ನಿರ್ದೇಶಕರು ಈ ಊರಿಗೆ ಬಂದಾಗಲೆಲ್ಲ ಅವರ ಮ್ಯಾನೇಜರ್. ಮನೆಯೊಳಗೆ ಕಾಲಿಟ್ಟಾಗಿನಿಂದ ಅವನು ತಲೆ ಎತ್ತಿರಲಿಲ್ಲ.

"ಈ ಮನೆಗೆ ಬರೋದಕ್ಕೆ ಎರಡು ವರ್ಷ ತಡ ಮಾಡ್ದೆ. ತಪ್ಪು ನಂದೇ," ಎಂದರು ನಿರ್ದೇಶಕರು. ತಪ್ಪೊಪ್ಪಿಕೊಳ್ಳಲು ಅವರ ಬಳಿ ಪ್ರತ್ಯೇಕವಾದೊಂದು ದನಿಯಿತ್ತು. "ಆದ್ರೆ ಇನ್ನು ತಡ ಮಾಡೋ ಹಾಗಿಲ್ಲ. ಬೇರೆ ಕಂಪನಿಯವರೂ ಈ ಕಥೆ ಮೇಲೆ ಕಣ್ಣಿಟ್ಟಿದ್ದಾರೆ. ಅವರಿಗೇನು ಗೊತ್ತು? ಈ ದುರಂತಕ್ಕೆ ನನ್ನಷ್ಟು ಹತ್ತಿರ ಇರೋ ನಿರ್ದೇಶಕ ಇನ್ನೊಬ್ಬ ಇಲ್ಲಮ್ಮ."

"ಅದು ಹೌದು," ಎಂದಳು ಯಶ್ಮಿತಾ.

"ಸಿನಿಮಾ ಬರದಿದ್ರೆ ಜನ ಮರೆತುಬಿಡ್ತಾರೆ."

"ನಾವು ಮರೆತಿಲ್ಲ ಸರ್."

"ನೀವಲ್ಲ, ಜನ. ಜನ ನೋಡ್ಬೇಕು. ನೋಡಿದ್ರೆ ಇಂಥದ್ದು ಇನ್ನೊಮ್ಮೆ ನಡೆಯಲ್ಲ."

"ನಮ್ಮವರೂ ಜನ ನೋಡ್ಬೇಕು ಅಂತ ಹೇಳಿಕೊಂಡೇ ಆ ದಿನ ಹೊಳೆಗೆ ಹೋದದ್ದು."

ಮಾತು ನಿರ್ದೇಶಕರಿಗೆ ಮೆಚ್ಚುಗೆಯಾಯಿತು. ಬರೆದುಕೋ ಎಂಬಂತೆ ಹಿತೇಶನತ್ತ ನೋಡಿದರು. ಹಿತೇಶ್ ಬರೆದುಕೊಳ್ಳಲಿಲ್ಲ.

ಗೋಡೆಯ ಮೇಲೆ ಶೈಲೇಶನ ಫೋಟೋ ಇತ್ತು: ತುಳು ನಾಟಕದ ಬಹುಮಾನ ಹಿಡಿದುಕೊಂಡ ನಗು. ಹಂಪನಕಟ್ಟೆಯ ವಾಚಿನ ಅಂಗಡಿಯಲ್ಲಿ ಅವನಿಗೆ ಕೆಲಸ. ಅರ್ಧ ದಿನದ ರಜೆ ಹಾಕಿ ಹೋದವನ ಶವ ಯಾರದೋ ಖಾಕಿ ಅಂಗಿಯಲ್ಲಿ ಸಿಕ್ಕಿತ್ತು. ಒಗೆದಿಟ್ಟ ಆ ಅಂಗಿಯನ್ನೂ ಒಂದು ದಿನ ಯಾರೋ ಬಂದು ಕೇಳಿ ಒಯ್ದಿದ್ದರು.

"ಅಂಗಿ ನಮ್ಮ ಹತ್ರ ಜೋಪಾನವಾಗಿದೆ," ಎಂದು ನಿರ್ದೇಶಕರು ಭರವಸೆ ಕೊಟ್ಟರು. "ಹೀರೋ ಅದನ್ನೇ ಹಾಕ್ಕೊಳ್ತಾನೆ. ಅವನಿಗೆ ಈಜು ಬರುತ್ತೆ, ಅದನ್ನ ವಿಚಾರಿಸಿಯೇ ತಗೊಂಡಿದ್ದೀವಿ."

ಐದನೆಯ ದೋಸೆ ಬಿತ್ತು. "ಸಾಕಮ್ಮ," ಎಂದರು ನಿರ್ದೇಶಕರು. ಕಿನ್ನಿ ಮುಗುಳ್ನಕ್ಕು ಅದರ ಮೇಲೆ ಸಾರು ಸುರಿದರು.

"ಅವತ್ತಿನ ವಿಡಿಯೊ ನೂರಾರು ಸಲ ನೋಡಿದ್ದೀನಿ. ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ ಸಾವನ್ನ ಯಾರೂ ಕಂಡಿರಲಿಕ್ಕಿಲ್ಲ. ದಡದ ತುಂಬ ಜನ. ಕೆಲವರು ಎದೆ ಬಡ್ಕೊಂಡು ಅಳ್ತಿದ್ದಾರೆ, ಆದ್ರೆ ಒಬ್ಬರೂ ನೀರಿಗೆ ಇಳಿಯಲ್ಲ. ನಿಮ್ಮವರು ಮುಳುಗಿದ ಮೇಲೆ ಯಾರೋ ಚಪ್ಪಾಳೆ ತಟ್ತಾರೆ. ಚಪ್ಪಾಳೆ. ಎಂಥ ಕಾಲ ಇದು."

ಯಶ್ಮಿತಾ ಅವರ ಲೋಟಕ್ಕೆ ನೀರು ತುಂಬಿದಳು.

"ಮುಳುಗೋ ಮುಂಚೆ ಕೈ ಎತ್ತಿ ಕೂಗ್ತಾರೆ. 'ಯಾವ... ಯಾವ...' ಅಂತ. ಕಾಪಾಡಿ ಅನ್ನಲಿಲ್ಲ ಆ ಮನುಷ್ಯ. ಪ್ರಶ್ನೆ ಕೇಳಿದ. ಯಾವ ದಡ? ಯಾವ ದೇವರು? ಯಾವ ನಾನು?" ಅವರು ಎಡಗೈಯಿಂದ ಮೊಬೈಲ್ ತೆರೆದು ಪೋಸ್ಟರ್ ತೋರಿಸಿದರು. ಮಂಜು, ನೀರು, ನೀರಿನಿಂದ ಮೇಲೆದ್ದ ಒಂದು ಕೈ. ಕೆಳಗೆ ದಪ್ಪಕ್ಷರದಲ್ಲಿ 'ಯಾವ ದಡ?' ನೀರಿಗಿಂತ ಮಂಜೇ ಹೆಚ್ಚಿತ್ತು. "ಟೈಟಲ್ ಅವರೇ ಕೊಟ್ಟು ಹೋದ್ರು."

ಹಿತೇಶನಿಗೆ ಕೆಮ್ಮು ಬಂತು. "ಸರ್, ಅದು ನಾನು ಅವತ್ತೇ..."

"ಆಮೇಲೆ ಹೇಳು ಮಾರಾಯ," ಎಂದರು ನಿರ್ದೇಶಕರು. ಮಂಗಳೂರಿನಿಂದ ಅವರು ಕಲಿತ ಒಂದೇ ಒಂದು ಪದ ಅದು.

ಕಿನ್ನಿ ಮತ್ತೆ ಬಂದರು. ನಿರ್ದೇಶಕರು ತಟ್ಟೆಗೆ ಕೈ ಅಡ್ಡ ಹಿಡಿದರು. "ಸಾಕು. ಬೇಡ. ಸ್ಟಾಪ್." ಕಾವಲಿಯಿಂದ ಆಗಷ್ಟೇ ಎದ್ದ ದೋಸೆ ಕೈಯ ಮೇಲೆಯೇ ಬಿತ್ತು.

"ಹಾಗೆ ಹೇಳಿದ್ರೆ ಅತ್ತೆಗೆ ಗೊತ್ತಾಗುದಿಲ್ಲ ಸರ್," ಎಂದಳು ಯಶ್ಮಿತಾ. "ಯಾವು ಅನ್ನಿ."

"ಏನು?"

"ಯಾವು."

"ಯಾವು," ಎಂದರು ನಿರ್ದೇಶಕರು, ಬೆರಳುಗಳಿಗೆ ಉಫ್ ಎಂದು ಊದಿಕೊಳ್ಳುತ್ತ.

ಕಿನ್ನಿಯ ಕೈ ತಕ್ಷಣ ನಿಂತಿತು. ಅವರು ಪಾತ್ರೆ ಎತ್ತಿಕೊಂಡು ಒಳಗೆ ನಡೆದರು.

"ಹಾಗಂದ್ರೆ ಏನು?"

"ಸಾಕು ಅಂತ. ನಿಲ್ಲಿಸಿ ಅಂತ. ತುಳುವಿನಲ್ಲಿ ಅದಕ್ಕೆ ಅಷ್ಟೇ ಅರ್ಥ ಉಂಟು. ಪ್ರಶ್ನೆ ಎಂತದೂ ಇಲ್ಲ."

ನಿರ್ದೇಶಕರ ಮುಖದಲ್ಲಿ ಏನೋ ಕುಸಿದಂತಾಯಿತು. ಆದರೆ ಅವರು ಕಲಾವಿದರು, ಬೇಗ ಚೇತರಿಸಿಕೊಂಡರು.

"ಇದು ಇನ್ನೂ ಚೆನ್ನಾಗಿದೆ," ಎಂದರು, ಒಂದೊಂದೇ ಪದವನ್ನು ತೂಗಿ. "ಸಾಯೋ ಮನುಷ್ಯ ಹೊಳೆಗೆ ಹೇಳಿದ, ಸಾಕು ಅಂತ. ಬದುಕಿಗೇ ಹೇಳಿದ. ಹಿತೇಶ್, ಪೋಸ್ಟರ್ ಬದಲಾಯಿಸ್ಬೇಕು."

ಯಶ್ಮಿತಾ ಸಹಿ ಹಾಕದ ಕಾಗದವನ್ನು ಮಡಚಿ ಅವರ ಎಂಜಲು ತಟ್ಟೆಯ ಅಂಚಿಗೆ ಸರಿಸಿದಳು.

"ಹೊಳೆಗೆ ಅಲ್ಲ ಸರ್, ಅವರು ಹೇಳಿದ್ದು ನಿಮಗೆ. ನಿಮ್ಮ ಆಗಿನ ಸಿನಿಮಾಕ್ಕೆ ಅವರು ದೋಣಿ ಮುಳುಗುವ ಸೀನು ಮಾಡುವಾಗ ಕ್ಯಾಮೆರಾದ ಹಿಂದೆ ಕೂತಿದ್ದದ್ದು ನೀವು. 'ಕಟ್' ಹೇಳ್ಲಿಕ್ಕೆ ಇದ್ದದ್ದೂ ನೀವೊಬ್ಬರೇ."