ಕುಂಬಾರ ಹುಳವೂ ನನ್ನ ಬಸಿರೂ

ದೇರೆಬೈಲಿನಲ್ಲಿ ನನಗೆ ಪರಿಚಯ ಇಲ್ಲದ ಹುಳ ಇನ್ನೂ ಹುಟ್ಟಿಲ್ಲ. ಇದರಲ್ಲಿ ಅರ್ಧ ಸುಳ್ಳು. ಜಿರಳೆ ಹಾರಿದರೆ ಎಪ್ಪತ್ತೊಂದರ ನಾನು ಊಟದ ಮೇಜು ಹತ್ತುತ್ತೇನೆ. ಉಳಿದರ್ಧ ನಿಜ ಎಂದು ತೋರಿಸಲು ಹೋಗಿಯೇ ಈ ವರ್ಷ ನಾನು ಬಸುರಿಯಾದದ್ದು.

ಆದದ್ದು ಮೊಮ್ಮಗಳು ಪ್ರಾಪ್ತಿಯ ಮೊಬೈಲಿನಿಂದ. ಯುಕೆಜಿ ಮಕ್ಕಳಿಗೆ ಹುಳಗಳ ಆ್ಯಪ್ ಅಂತೆ. ಹುಳದ ಎದುರು ಮೊಬೈಲ್ ಹಿಡಿದರೆ ಒಂದು ಬೊಂಬೆ ಕಪ್ಪೆ ಬಂದು ಇಂಗ್ಲಿಷಿನಲ್ಲಿ ಹೆಸರು ಹೇಳುತ್ತದೆ. ಹುಳ ತಿನ್ನುವವನೇ ಹುಳದ ಮಾಷ್ಟ್ರು! ನನ್ನ ಕೋಣೆಯ ಕಿಟಕಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತಿದ್ದ ಹುಳಕ್ಕೆ ಪ್ರಾಪ್ತಿ ಮೊಬೈಲ್ ಹಿಡಿದಳು. ಕಪ್ಪೆ "ಪಾಟರ್ ವಾಸ್ಪ್" ಎಂದಿತು.

"ಬರೀ ಹೆಸರು ಹೇಳಿದ್ರೆ ಆಯ್ತಾ? ಇದು ಕುಂಬಾರ ಹುಳ. ಇದು ಗೂಡು ಕಟ್ಟಿದ ಮನೆಯಲ್ಲಿ ಯಾರೋ ಬಸುರಿ ಅಂತ ಲೆಕ್ಕ. ನಿನ್ನ ಕಪ್ಪೆಗೆ ಗೊತ್ತುಂಟಾ?" ಎಂದೆ.

"ಯಾರು ಅಜ್ಜಿ?"

"ಕೋಣೆ ಯಾರದ್ದು?"

"ನಿಮ್ದು!"

"ಹಾಗಾದ್ರೆ ನಾನೇ."

ಗೂಡು ಕೆಡವಲು ಹಿಡಿಸೂಡಿ ತಂದ ಸೊಸೆ ತೃಷಾ ಬಾಗಿಲಲ್ಲೇ ನಿಂತಳು. ಅವಳು ನಗಲಿಲ್ಲ.

ಪ್ರಾಪ್ತಿ ಅಷ್ಟರಲ್ಲಿ ನನ್ನ ಮಾತನ್ನೆಲ್ಲ ರೆಕಾರ್ಡ್ ಮಾಡಿ ಆಗಿತ್ತು. ಮನೆಯವರಿಂದ ಕಲಿತದ್ದನ್ನು ಕ್ಲಾಸಿನ ಗ್ರೂಪಿಗೆ ಕಳಿಸಬೇಕಂತೆ. ಕಳಿಸಿದಳು. ಅರ್ಧ ಗಂಟೆಯಲ್ಲಿ ಮಂಗಳೂರಿಗೆ ಮಂಗಳೂರೇ ನನ್ನ ಬಸಿರು ಕೇಳಿತು. ಟೀಚರಂತೂ ನಗುವ ಮುಖ ಹನ್ನೊಂದು ಹಾಕಿದರು.

ತೃಷಾ ನನ್ನನ್ನು ಅಡುಗೆಮನೆಗೆ ಕರೆದಳು. "ಅತ್ತೆ, ಗೂಡು ನಿಮ್ಗೇ ಅಂತಲೇ ಇರ್ಲಿ. ಮೂರು ತಿಂಗಳು ತುಂಬ್ಲಿಕ್ಕೆ ಇನ್ನು ಐದು ವಾರ. ಹೋದ ಸಲದ ಹಾಗೆ ಆದ್ರೆ ಎಲ್ಲರಿಗೂ ಉತ್ತರ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಹೋದ ಸಲ ಎರಡು ತಿಂಗಳಿಗೇ ಊರೆಲ್ಲ ಸಾರಿದವಳು ನಾನು. ಕಂಕನಾಡಿ ಮಾರ್ಕೆಟಿನಲ್ಲಿ ಬಸಳೆ ಮಾರುವವಳಿಗೂ ಹೇಳಿದ್ದೆ. ಮಗು ನಿಲ್ಲಲಿಲ್ಲ. ಆಮೇಲೆ ಆ ಎಲ್ಲರೂ "ಈಗ ಎಷ್ಟು ತಿಂಗಳು?" ಎಂದು ಕೇಳಿದ್ದು ಅವಳನ್ನು, ನನ್ನನ್ನಲ್ಲ.

ಆಗಲೇ ಮೀನು ಮಾರುವ ಜಯ ಗೇಟಿನ ಹತ್ತಿರ ಬುಟ್ಟಿ ಇಳಿಸಿದಳು. ಅವಳ ಮೊಮ್ಮಗನೂ ಪ್ರಾಪ್ತಿಯ ಕ್ಲಾಸೇ.

"ಕುಶಲಕ್ಕ, ಎಂತದೋ ವಿಶೇಷ ಉಂಟಂತೆ! ನಿಜ ಹೇಳಿ, ಯಾರಿಗೆ?" ಎನ್ನುತ್ತಾ ನನ್ನ ಹೆಗಲಾಚೆ ನೋಡಿದಳು. ಅಲ್ಲಿ ತೃಷಾ ಮೂಗಿಗೆ ಶಾಲು ಒತ್ತಿಕೊಂಡು ಒಳಗೆ ಓಡುತ್ತಿದ್ದಳು.

ನಾನು ಹೊಟ್ಟೆ ಮುಂದೆ ಮಾಡಿ ನಿಂತೆ. "ನನಗೇ ಮಾರಾಯ್ತಿ. ಅವಳಿ! ಬಾಣಂತನಕ್ಕೆ ಹಾಲು ಹೆಚ್ಚಲಿಕ್ಕೆ ತಾಟೆ ಮೀನು ಬೇಕು, ನಿನಗೆ ಈಗಲೇ ಹೇಳಿ ಇಟ್ಟಿದ್ದೇನೆ."

"ನಿಮ್ಮ ಯಜಮಾನ್ರು ಹೋಗಿ ಒಂಬತ್ತು ವರ್ಷ ಆಯ್ತಲ್ಲ?"

"ಅವರದ್ದು ಎಲ್ಲ ಕೆಲಸವೂ ತಡವೇ!"

ಜಯ ನಕ್ಕು ನಕ್ಕು ನೆಲದಲ್ಲೇ ಕುಳಿತಳು.

ಐದು ವಾರ ನಾನು ಇಡೀ ಬೀದಿಗೆ ಬಸುರಿಯಾಗಿದ್ದೆ. ಹಾಲಿನವನು ಸೀಮಂತ ಯಾವಾಗ ಎಂದ. ನಾನು ಹೇಳಬೇಕಾದ್ದನ್ನು ಬಿಟ್ಟು ಹೇಳಬಾರದ್ದನ್ನೆಲ್ಲ ಹೇಳಿದೆ. ಆ ವಿದ್ಯೆ ನನಗೆ ಹುಟ್ಟಿನಿಂದ ಉಂಟು. ಮೊನ್ನೆ ಡಾಕ್ಟರು ಎಲ್ಲ ಸರಿ ಉಂಟು ಎಂದರು, ತೃಷಾಳೂ ಇನ್ನು ಹೇಳಲಿಕ್ಕೆ ಹೂಂ ಎಂದಳು. ಅದಕ್ಕೇ ಈಗ ನಿಮ್ಮ ಹತ್ತಿರ ಬಾಯಿ ಬಿಟ್ಟದ್ದು.

ಜಯಳಿಗೆ ಮಾತ್ರ ಚೆನ್ನಾಗಿ ಟೋಪಿ ಹಾಕಿದೆ ಎಂದು ಹಿಗ್ಗಿದ್ದೆ. ಆದರೆ ಮರುದಿನದಿಂದಲೇ ಅವಳು ನಮ್ಮ ಗೇಟಿಗೆ ಬರುವುದು ಬಿಟ್ಟಿದ್ದಳು. ದೂರದ ತಿರುವಿನಲ್ಲೇ ಬುಟ್ಟಿ ಇಳಿಸಿ, "ಕುಶಲಕ್ಕ, ನೀವೇ ಇಲ್ಲಿಗೆ ಬನ್ನಿ! ಬಸುರಿಗೆ ಮೀನಿನ ವಾಸನೆ ಆಗುದಿಲ್ಲ" ಎಂದು ಕೂಗುತ್ತಿದ್ದಳು.

ನಾನು ಹೋಗುತ್ತಿದ್ದೆ. ಬುಟ್ಟಿಯೊಳಗೇ ಮೂಗು ತೂರಿಸಿ ಬಂಗುಡೆ ಆರಿಸುತ್ತಿದ್ದೆ. ಅವಳು ನನ್ನ ಮೂಗನ್ನೇ ನೋಡುತ್ತಿದ್ದಳು.

ಹಾಗಾದರೆ ಅವಳು ಹೇಳುತ್ತಿದ್ದದ್ದು ಯಾವ ಬಸುರಿಯ ವಿಷಯ? ನೀವೇ ಹೇಳಿ.