ಇಳಿಯುವ ಗೆರೆ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳು ಅಡುಗೆಮನೆಯ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ, ಆರು ಚುಕ್ಕಿಗಳನ್ನು ಸ್ಕೇಲಿಟ್ಟು ಸೇರಿಸಿದಳು. ಗೆರೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಯಿತು. ಹಾಗೇ ಮುಂದಕ್ಕೆಳೆದರೆ ಹದಿನಾಲ್ಕನೇ ಕಂತಿಗೆ ಸೊನ್ನೆ.

ಏಳು ವರ್ಷದಿಂದ ಅವಳು ಪ್ರಯೋಗಾಲಯದ ಸಣ್ಣಪುಟ್ಟ ಸಂಗತಿಗಳನ್ನು ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಬರೆದದ್ದನ್ನು ಬಾಯಲ್ಲೂ ಹೇಳಿ ನೋಡೋಣವೆಂದು ಜನವರಿಯಲ್ಲಿ ಪಾಡ್‌ಕಾಸ್ಟ್ ಶುರುಮಾಡಿದಳು. ಶನಿವಾರಕ್ಕೊಂದು ಕಂತು, ಹದಿನೈದು ನಿಮಿಷ. ಬಟ್ಟೆಯ ಬೀರುವಿಗೆ ಕಂಬಳಿ ಇಳಿಬಿಟ್ಟು, ಅದರೊಳಗೆ ತಲೆ ತೂರಿಸಿ ರೆಕಾರ್ಡಿಂಗ್. ಮೊದಲ ಕಂತನ್ನು ಹನ್ನೊಂದು ಜನ ಕೇಳಿದರು. ಎರಡನೆಯದರಿಂದಾಚೆಗೆ ಒಬ್ಬರೇ. ಅವರು ಯಾರೋ ತಿಳಿಯದು, ಎಲ್ಲಿಯವರೆಗೆ ಕೇಳಿದರೆಂಬುದು ಮಾತ್ರ ತಿಳಿಯುತ್ತಿತ್ತು. ಎರಡನೇ ಕಂತನ್ನು ಹನ್ನೆರಡು ನಿಮಿಷ ನಲವತ್ತು ಸೆಕೆಂಡಿಗೆ ನಿಲ್ಲಿಸಿದ್ದರು. ಮೂರನೆಯದನ್ನು ಹನ್ನೊಂದು ಇಪ್ಪತ್ತೈದಕ್ಕೆ. ಹೋದ ವಾರದ್ದನ್ನು ಏಳು ಇಪ್ಪತ್ತಕ್ಕೇ. ಅವಳು ಪೀಠಿಕೆ ಮೊಟಕು ಮಾಡಿದಳು, ಗಂಟಲು ಸರಿಮಾಡಿಕೊಂಡದ್ದನ್ನೆಲ್ಲ ಕತ್ತರಿಸಿದಳು, ಒಳ್ಳೆಯ ಭಾಗವನ್ನು ಮೊದಲಿಗೇ ತಂದಳು. ಗೆರೆ ಮಾತ್ರ ಜಗ್ಗಲಿಲ್ಲ. ಇಂದು ಆರಕ್ಕೆ ಏರಿಸಿದ ಎಂಟನೇ ಕಂತೇ ಕೊನೆಯದು ಎಂದು ನಿರ್ಧರಿಸಿ, ಗ್ರಾಫನ್ನು ಕಂಬಳಿಯ ಮಡಿಕೆಯೊಳಗಿಟ್ಟುಕೊಂಡು ಎರಡು ಬೀದಿಯಾಚೆ ಅಕ್ಕನ ಮನೆಗೆ ಹೊರಟಳು. ಕಂಬಳಿ ಅಕ್ಕನದು.

“ಇದ್ಯಾಕೆ ವಾಪಸ್ ತಂದೆ?” ಎಂದಳು ಅಕ್ಕ, ಬಾಗಿಲಲ್ಲೇ.

“ಅಂಗಡಿ ಮುಚ್ತಿದೀನಿ ಅಕ್ಕ. ಕೇಳೋರು ಒಬ್ಬರು. ಅವರಿಗೂ ವಾರವಾರ ಬೇಜಾರು ಜಾಸ್ತಿಯಾಗ್ತಿದೆ.”

“ಶ್! ಮೆಲ್ಲಗೆ. ಭಾವ ನಡೀತಿದಾರೆ. ಮಧ್ಯ ಮಾತಾಡಿಸ್ಬಾರದು.”

ವರ್ಷದ ಮೊದಲ ವಾರ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ಭಾವ, ವಾಕರ್ ಹಿಡಿದು ಓಣಿಯಂಥ ನಡುಮನೆಯಲ್ಲಿ ಬರುತ್ತಿದ್ದರು. ಕಿವಿಯಲ್ಲಿ ಇಯರ್‌ಫೋನ್. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದ ಪಿ.ಟಿ. ಮೇಷ್ಟ್ರು ಮಂಚದ ಅಂಚು ಮುಟ್ಟಿ, ಪಕ್ಕದ ಕುರ್ಚಿಯಲ್ಲಿ ಧೊಪ್ಪನೆ ಕೂತು, ವೈರಿನ ಗುಂಡಿ ಒತ್ತಿದರು. ಅಕ್ಕ ಅವರ ಜೇಬಿನಿಂದ ಫೋನ್ ತೆಗೆದು ಫ್ರಿಜ್ಜಿನ ಮೇಲೆ ಬೋರಲಿಟ್ಟಳು.

“ಬಂದ್ಯಾ ವಿಜ್ಞಾನಿ?” ಎಂದರು ಭಾವ. “ಈಗ ತಾನೇ ನಿನ್ನ ಬಾಯಿ ಮುಚ್ಚಿಸ್ದೆ.”

“ನನ್ನ ಬಾಯಾ?”

“ಇನ್ಯಾರದು? ಕೊಳಾಯಿ ನೀರಲ್ಲಿ ಫ್ಲಾಸ್ಕ್ ತೊಳೆದು, ನದಿ ನೀರು ಗಡಸು ಅಂತ ವರದಿ ಕೊಟ್ಯಲ್ಲ, ಅಲ್ಲಿವರೆಗೆ ಆಯ್ತು. ಉಳಿದದ್ದನ್ನ ಬ್ಲಾಗಲ್ಲಿ ಓದ್ಕೋತೀನಿ ಬಿಡು.”

ಅವಳು ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು. “ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಭಾವ?”

“ಹೇಳಿದ್ರೆ ಪೂರ್ತಿ ಕೇಳಿ ಅಂತ ಪ್ರಾಣ ತಿಂತಿದ್ದೆ.”

“ಇವರ ಕೈಗೆ ಗಡಿಯಾರ ಸಿಗಬಾರದು ಕಣೇ,” ಎಂದಳು ಅಕ್ಕ. “ಆಸ್ಪತ್ರೆಯಿಂದ ಬಂದ ಮೊದಲನೇ ವಾರಾನೇ ಸ್ಟಾಪ್‌ವಾಚ್ ಹಿಡ್ಕೊಂಡು ಪಂದ್ಯ ಶುರು ಮಾಡಿ ಮತ್ತೆ ಬಿದ್ರು. ಅವತ್ತಿಂದ ಫಿಸಿಯೋ ಹುಡುಗಿ ಹೊತ್ತು ನೋಡಕೂಡದು ಅಂತ ಕಟ್ಟಪ್ಪಣೆ ಮಾಡಿದಾಳೆ. ಏನಾದ್ರೂ ಕೇಳ್ತಾ ನಡೀರಿ ಅಂದ್ಲು. ವಾರವೆಲ್ಲ ವಾರ್ತೆ, ಶನಿವಾರ ನೀನು.”

ಭಾವ ನಗಲಿಲ್ಲ. “ಎರಡು ತಿಂಗಳಾಯ್ತಮ್ಮ. ಇದ್ದಲ್ಲೇ ಇದೀನಿ. ಸುಧಾರಿಸ್ತಿದೆ, ಸುಧಾರಿಸ್ತಿದೆ ಅಂತಾಳೆ ಆ ಹುಡುಗಿ. ಬಾಯುಪಚಾರ. ಸೋಮವಾರದಿಂದ ಬರಬೇಡ ಅಂತ ಹೇಳಿಬಿಡ್ತೀನಿ. ನಡೆದದ್ದು ಸಾಕು.”

ಅಕ್ಕ ಮುಖ ತಿರುಗಿಸಿ, ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದಳು. ಈ ಮಾತು ಈ ಮನೆಯಲ್ಲಿ ಮೊದಲ ಸಲದ್ದಲ್ಲವೆಂದು ತಂಗಿಗೆ ತಿಳಿಯಿತು.

“ಭಾವ, ದಿನಾ ಎಷ್ಟು ದೂರ ನಡೀತೀರಿ?”

“ಮಂಚದಿಂದ ಬಾಲ್ಕನಿ, ಬಾಲ್ಕನಿಯಿಂದ ಮಂಚ. ಮೂರು ಸುತ್ತು.”

“ಪ್ರತಿ ಶನಿವಾರ ಅಷ್ಟೇನಾ? ಹೆಚ್ಚು ಕಡಿಮೆ ಇಲ್ಲ?”

“ಒಂದು ಹೆಜ್ಜೆನೂ ಇಲ್ಲ.”

“ಹೊರಡುವಾಗ ನನ್ನನ್ನ ಹಚ್ತೀರಿ, ಕೂತ ತಕ್ಷಣ ನಿಲ್ಲಿಸ್ತೀರಿ?”

“ಹ್ಞೂಂ. ಏನಿದು, ಪೊಲೀಸ್ ವಿಚಾರಣೆ?”

ಅವಳು ಮಡಿಕೆಯೊಳಗಿಂದ ಗ್ರಾಫ್ ಹಾಳೆ ತೆಗೆದು ಅವರ ತೊಡೆಯ ಮೇಲೆ ಹರಡಿದಳು.

“ಏನೇ ಇದು?”

“ನೀವು.”

ಬದುಕೆಲ್ಲ ಸೆಕೆಂಡು ಎಣಿಸಿದ ಮನುಷ್ಯನಿಗೆ ವಿವರಿಸಬೇಕಾಗಿ ಬರಲಿಲ್ಲ. ಭಾವ ಮೊದಲ ಚುಕ್ಕಿಯ ಮೇಲೆ ಬೆರಳಿಟ್ಟು, ಹನ್ನೆರಡು ನಲವತ್ತರಿಂದ ಏಳು ಇಪ್ಪತ್ತರವರೆಗೆ ಒಂದೊಂದನ್ನೂ ತಡೆದು ತಡೆದು ಇಳಿದರು. ಕೆಳಗೆ ಬಂದವರು ಮತ್ತೆ ಮೇಲಕ್ಕೆ ಹೋಗಿ ಇನ್ನೊಮ್ಮೆ ಇಳಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

“ಇವತ್ತಿನದು?” ಎಂದರು. ಮೇಷ್ಟ್ರ ದನಿಯಲ್ಲ, ಗೆರೆ ದಾಟಿ ಬಂದು, ಏದುಸಿರು ಬಿಡುತ್ತ ಮೇಷ್ಟ್ರ ಮುಖ ನೋಡುವ ಹುಡುಗನ ದನಿ.

ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಕಂಬಳಿಯನ್ನು ಎತ್ತಿ ಅಚ್ಚುಕಟ್ಟಾಗಿ ಮಡಿಸಿ, ತಿರುಗಿ ಅವಳ ತೊಡೆಯ ಮೇಲೇ ಇಟ್ಟಳು. “ಇವತ್ತೊಂದಿನ ಹೇಳು,” ಎಂದಳು.

ಅವಳು ಫೋನ್ ತೆರೆದಳು. ಪುಟ ಮೂಡಲು ತುಸು ಹೊತ್ತು ಹಿಡಿಯಿತು. ಎಂಟನೇ ಕಂತು, ಕೇಳಿದವರು ಒಬ್ಬರು, ಆರು ನಿಮಿಷ ಮೂವತ್ತೊಂದು ಸೆಕೆಂಡ್.