ಅತ್ತೆಯ ಅತ್ತೆಯ ಕೌದಿ

ಅತ್ತೆ ತವರಿನಿಂದ ಮರಳಲು ಎರಡೇ ದಿನ ಉಳಿದಿದ್ದವು. ಅತ್ತೆಯ ಅತ್ತೆ ಹೊಲಿದದ್ದೆಂದು ಮನೆಯವರೆಲ್ಲ ಜೋಪಾನ ಮಾಡಿದ್ದ ಕೌದಿಯ ನಡುಭಾಗ ಸೊಸೆ ನಿಂಬೆವ್ವನ ಕೈಯಿಂದ ಕೆಂಡ ಬಿದ್ದು ಸುಟ್ಟಿತ್ತು. ಒಂದರೊಳಗೊಂದು ತಿರುಗುವ ಆ ಹಳೆಯ ಚೌಕಗಳ ಹೊಲಿಗೆ ಊರಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅಂಚಿನಲ್ಲಿ ಉಳಿದ ಚೌಕಗಳನ್ನು ನೋಡಿ ನೋಡಿ ಅವಳು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ನಾಲ್ಕನೆಯ ಸಲ ಹೇಗೋ ಕೂಡಿತು.

ಅತ್ತೆ ಬಂದವಳೇ ಕೌದಿಯ ಮೇಲೆ ಬೆರಳಾಡಿಸಿ ಕೇಳಿದಳು, "ಈ ನಡುವಿಂದು ಯಾರು ಹೊಲದಾರ?"

"ತಪ್ಪಾತ್ರೀ ಅತ್ತಿ, ಕೆಂಡ ಬಿದ್ದು ಸುಟ್ಟಿತ್ರಿ," ಎಂದು ನಿಂಬೆವ್ವ ಅಳತೊಡಗಿದಳು.

ಅತ್ತೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು.

"ಸುಮ್ಮನಿರು, ನಿಮ್ಮ ಮಾವಗ ಕೇಳೀತು. ಅವರವ್ವ ಹೊಲದಿದ್ದ ಕೌದಿ ನಾ ಈ ಮನಿಗೆ ಬಂದ ವರ್ಷನ ಸುಟ್ಟೀನಿ. ಇದು ನಾ ಕದ್ದುಮುಚ್ಚಿ ಹೊಲದದ್ದು."